ಅಂಗಳದ ಗುಬ್ಬಿಯಿಂದ ಬೇಡ್ತಿ ಕಣಿವೆಯವರೆಗೆ

ಸಲೀಂ ಅಲಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಪರೀಕ್ಷೆಗೆ ಓದಿದ ಒಂದು ಸಾಲು: ಭಾರತದ ಪಕ್ಷಿ ಮನುಷ್ಯ. ಒಂದು ಅಂಕದ ಪ್ರಶ್ನೆ, ಒಂದು ಅಂಕದ ಉತ್ತರ. ಜೊತೆಗೆ ಕುತ್ತಿಗೆಗೆ ದುರ್ಬೀನು ತೂಗಿಹಾಕಿಕೊಂಡ, ಬಿಳಿ ಗಡ್ಡದ ತೆಳ್ಳಗಿನ ಅಜ್ಜನೊಬ್ಬನ ಚಿತ್ರ. ನನಗೂ ಎರಡನೇ ಸೆಮಿಸ್ಟರ್‌ವರೆಗೆ ಅಷ್ಟೇ ಗೊತ್ತಿತ್ತು. ಆಮೇಲೆ ಅವರ ಬದುಕಿನ ಬಗ್ಗೆ ಓದುತ್ತ ಹೋದಾಗ ಎರಡು ಸಂಗತಿಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಒಂದು, ಅವರಿಗೆ ಹೆಸರು ತಂದ ಮೊದಲ ದೊಡ್ಡ ಕೆಲಸ ನಡೆದದ್ದು ವಾಸದ ಮನೆಯ ಪಕ್ಕದಲ್ಲೇ. ಇನ್ನೊಂದು, ಅವರ ಕತೆಯ ಒಂದು ತುದಿ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿದೆ, ಮತ್ತೊಂದು ತುದಿ ಯಲ್ಲಾಪುರದ ಬೇಡ್ತಿ ಹೊಳೆಗೆ ಬಂದು ಮುಟ್ಟುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ನನ್ನ ಓರಗೆಯವರಿಗೆ ಇದನ್ನು ಹೇಳಬೇಕೆನಿಸಿತು.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈನಲ್ಲಿ. ದೊಡ್ಡ ಕುಟುಂಬದ ಕೊನೆಯ ಮಗು. ವರ್ಷ ತುಂಬುವಾಗ ಅಪ್ಪ ಹೋದರು, ಮೂರು ವರ್ಷಕ್ಕೆ ಅಮ್ಮನೂ ಹೋದರು. ಮಕ್ಕಳಿಲ್ಲದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ಈ ಮಕ್ಕಳನ್ನು ಸಾಕಿದರು. ಮಾವನಿಗೆ ಬೇಟೆಯ ಹುಚ್ಚು. ಹುಡುಗನ ಕೈಗೂ ಒಂದು ಏರ್‌ಗನ್ ಬಂತು. ನಮ್ಮೂರ ಹುಡುಗರು ಕ್ಯಾಟರ್‌ಬಿಲ್ಲು ಹಿಡಿದು ತೋಟದಲ್ಲಿ ಅಲೆದಂತೆ ಅವನೂ ಗುಬ್ಬಿಗಳ ಬೆನ್ನು ಹತ್ತಿದ.

ಹತ್ತು ವರ್ಷದ ಆಸುಪಾಸಿನಲ್ಲಿ ಅವನು ಹೊಡೆದ ಒಂದು ಗುಬ್ಬಿಯ ಕತ್ತಿನ ಮೇಲೆ ಹಳದಿ ಕಲೆ ಇತ್ತು. ಮನೆಗುಬ್ಬಿಗೆ ಹಾಗಿರುವುದಿಲ್ಲ. ಇದು ತಿನ್ನಬಹುದಾದ ಹಕ್ಕಿಯೋ ಅಲ್ಲವೋ ಎಂಬ ಅನುಮಾನ ಬಂದು ಮಾವನಿಗೆ ತೋರಿಸಿದ. ಮಾವನಿಗೂ ಗೊತ್ತಾಗಲಿಲ್ಲ. ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸದಸ್ಯರಾಗಿದ್ದರು. ಅಲ್ಲಿನ ಗೌರವ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲ್ಲಾರ್ಡ್ ಅವರ ಬಳಿ ಹುಡುಗನನ್ನು ಕಳಿಸಿದರು. ಮಿಲ್ಲಾರ್ಡ್ ಅದು ಹಳದಿ ಕತ್ತಿನ ಗುಬ್ಬಿ ಎಂದು ಗುರುತಿಸಿದ್ದಲ್ಲದೆ, ಕಪಾಟಿನ ಒಂದೊಂದೇ ಅರೆ ಎಳೆದು ಅಲ್ಲಿ ಜೋಡಿಸಿಟ್ಟಿದ್ದ ಹಕ್ಕಿಗಳನ್ನೆಲ್ಲ ತೋರಿಸಿದರು. ಓದಿ ಹಿಂತಿರುಗಿಸು ಎಂದು ಕೆಲವು ಪುಸ್ತಕಗಳನ್ನೂ ಕೊಟ್ಟರು. ಸತ್ತ ಗುಬ್ಬಿ ಹಿಡಿದು ಬಂದ ಪುಟ್ಟ ಹುಡುಗನಿಗೆ ಒಬ್ಬ ದೊಡ್ಡ ಮನುಷ್ಯ ಅಷ್ಟು ಹೊತ್ತು ಕೊಟ್ಟದ್ದು ಸಣ್ಣ ಮಾತಲ್ಲ.

ಆ ಪುಸ್ತಕಗಳಲ್ಲಿ ಒಂದು ಮುಂಬೈಯ ಸಾಮಾನ್ಯ ಹಕ್ಕಿಗಳ ಬಗ್ಗೆ 1900ರಲ್ಲಿ ಬಂದಿದ್ದ ಕೃತಿ. ಬರೆದವರು ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್. 'ಈಹಾ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಸಾತಾರದಲ್ಲಿ 1851ರಲ್ಲಿ ಹುಟ್ಟಿದ ಇವರು ಉಪ್ಪು ಮತ್ತು ಸುಂಕದ ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದವರಲ್ಲಿ ಒಬ್ಬರು. ನೌಕರಿಯ ಕೆಲವು ವರ್ಷಗಳನ್ನು ಅವರು ಕಳೆದದ್ದು ನಮ್ಮ ಜಿಲ್ಲೆಯಲ್ಲಿ ಮತ್ತು ಗೋವಾ ಗಡಿಯಲ್ಲಿ. ಆಗ ಉತ್ತರ ಕನ್ನಡ ಮುಂಬೈ ಪ್ರಾಂತ್ಯದೊಳಗಿತ್ತು. ಇಲ್ಲಿನ ಕಾಡು ಅಲೆದ ಅನುಭವದಿಂದ ಅವರು 1894ರಲ್ಲಿ 'ಎ ನ್ಯಾಚುರಲಿಸ್ಟ್ ಆನ್ ದ ಪ್ರೌಲ್' ಎಂಬ ಪುಸ್ತಕ ತಂದರು. ಅದೇ ಕಾಲದಲ್ಲಿ ಜಿಲ್ಲೆಯ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್‌ಸನ್ ಇಲ್ಲಿನ ಹಕ್ಕಿಗಳ ಪಟ್ಟಿ ಮಾಡಿ, 1898ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅರಣ್ಯ ಇಲಾಖೆಯ ಟಿ. ಆರ್. ಬೆಲ್ ಕೂಡ ಈ ಗೆಳೆಯರ ಗುಂಪಿನಲ್ಲಿದ್ದರು. ಮೂವರೂ ಸೇರಿ ಇಲ್ಲಿನ ಚಿಟ್ಟೆಗಳ ಮರಿಹುಳುಗಳನ್ನು ಸಾಕಿ ಅಧ್ಯಯನ ಮಾಡಿದರು.

ಈಹಾ ಅವರ ವಿಶೇಷವೆಂದರೆ ಹುಲಿ, ಆನೆಗಳ ಬೆನ್ನು ಹತ್ತದೆ ಬಂಗಲೆಯ ಸುತ್ತಲಿನ ಕಾಗೆ, ಕಪ್ಪೆ, ಹಲ್ಲಿ, ಇಲಿಗಳ ಮೇಲೆ ನಗುನಗುತ್ತ ಬರೆದದ್ದು. ಮನೆಯ ಹತ್ತಿರದ ಜೀವಿಯೂ ನೋಡಲು ಯೋಗ್ಯ ಎಂಬ ಅವರ ರೀತಿ ಮುಂಬೈಯ ಆ ಹುಡುಗನ ಕೈಗೆ ಪುಸ್ತಕವಾಗಿ ಸೇರಿತು.

ಅದರ ಫಲ ಬೇಗನೆ ಕಂಡಿತು. ಅವರ ಮನೆಯ ಕುದುರೆ ಲಾಯದ ಗೋಡೆಯಲ್ಲಿ ಗುಬ್ಬಿಯೊಂದು ಗೂಡು ಕಟ್ಟಿತ್ತು. ಹೆಣ್ಣು ಒಳಗೆ ಕಾವು ಕೂತರೆ ಗಂಡು ಹೊರಗೆ ಮೊಳೆಯೊಂದರ ಮೇಲೆ ಕಾವಲು. ಹುಡುಗ ಗಾಡಿಯ ಮರೆಯಿಂದ ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿನಲ್ಲಿ ಆ ಜಾಗಕ್ಕೆ ಇನ್ನೊಂದು ಗಂಡು ಬಂತು. ಅದನ್ನೂ ಹೊಡೆದ. ಮತ್ತೊಂದು ಬಂತು. 7 ದಿನಗಳಲ್ಲಿ 8 ಗಂಡುಗಳು. ಕೇಳಲು ಕ್ರೂರವೇ. ಆದರೆ ಕೋವಿಯೇ ದುರ್ಬೀನಾಗಿದ್ದ ಕಾಲವದು, ಮತ್ತು ಇಲ್ಲಿ ನಾವು ಗಮನಿಸಬೇಕಾದದ್ದು ಬೇರೆಯೇ ಇದೆ. ಅವನು ಇದನ್ನು ಬರೆದಿಟ್ಟ. ಗಂಡು ಸತ್ತರೆ ಹೆಣ್ಣು ಏನು ಮಾಡುತ್ತದೆ ಎಂಬ ಪ್ರಶ್ನೆ ಒಬ್ಬ ಬಾಲಕನ ಪುಸ್ತಕದಲ್ಲಿ ದಿನಗಳ ಲೆಕ್ಕದೊಂದಿಗೆ ದಾಖಲಾಯಿತು.

ಓದಿನಲ್ಲಿ ಮಾತ್ರ ಆತ ಜಾಣನಾಗಿರಲಿಲ್ಲ. ಸೇಂಟ್ ಝೇವಿಯರ್ಸ್ ಕಾಲೇಜಿನ ಮೊದಲ ವರ್ಷದಲ್ಲೇ ಲಾಗರಿದಮ್ ಮುಂತಾದ ಗಣಿತಕ್ಕೆ ಸೋತು ಓದು ಬಿಟ್ಟು, ಬರ್ಮಾದ ತವಾಯ್‌ಗೆ ಮನೆಯವರ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಹೋದ. ಎಂ-1, ಎಂ-2 ಬ್ಯಾಕ್ ಉಳಿಸಿಕೊಂಡ ನನ್ನ ಹಾಸ್ಟೆಲಿನ ಗೆಳೆಯರಿಗೆ ಈ ಭಾಗವನ್ನು ಹೇಳಿದಾಗ ಅವರಿಗಾದ ಸಮಾಧಾನ ಅಷ್ಟಿಷ್ಟಲ್ಲ! ತವಾಯ್‌ನಲ್ಲಿ ವ್ಯಾಪಾರಕ್ಕಿಂತ ಸುತ್ತಲಿನ ಕಾಡಿನ ಹಕ್ಕಿಗಳೇ ಸಲೀಂ ಅಲಿಯವರನ್ನು ಸೆಳೆದವು. ಮುಂಬೈಗೆ ಬಂದಾಗ ವಾಣಿಜ್ಯದ ಕೋರ್ಸ್ ಜೊತೆಗೆ ಪ್ರಾಣಿಶಾಸ್ತ್ರವನ್ನೂ ಓದಿದರು. 1918ರಲ್ಲಿ ತೆಹ್ಮೀನಾ ಅವರನ್ನು ಮದುವೆಯಾದರು. ಕೊನೆಗೆ ವ್ಯಾಪಾರ ಕೈಕೊಟ್ಟಿತು. ಝೂವಾಲಜಿಕಲ್ ಸರ್ವೆ ಆಫ್ ಇಂಡಿಯಾದಲ್ಲಿ ಕೆಲಸಕ್ಕೆ ಪ್ರಯತ್ನಿಸಿದರೆ, ವಿಶ್ವವಿದ್ಯಾಲಯದ ಪದವಿ ಇಲ್ಲದ ಕಾರಣ ಸಿಗಲಿಲ್ಲ. 1926ರಲ್ಲಿ ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಗೈಡ್ ಉಪನ್ಯಾಸಕನ ಕೆಲಸ ಸಿಕ್ಕಿತು. ಎರಡು ವರ್ಷದ ನಂತರ ರಜೆ ಹಾಕಿ ಬರ್ಲಿನ್‌ಗೆ ಹೋಗಿ, ದೊಡ್ಡ ಪಕ್ಷಿ ವಿಜ್ಞಾನಿ ಎರ್ವಿನ್ ಸ್ಟ್ರೆಸೆಮನ್ ಅವರ ಬಳಿ ಕಲಿತರು. 1930ರಲ್ಲಿ ವಾಪಸು ಬಂದಾಗ ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು.

ವಯಸ್ಸು 33. ಜರ್ಮನಿಯಲ್ಲಿ ಕಲಿತು ಬಂದ ವಿದ್ಯೆ ಇದೆ, ಕೆಲಸ ಇಲ್ಲ. ಮುಂಬೈಯಲ್ಲಿ ಮನೆ ನಡೆಸುವುದು ಕಷ್ಟವಾಗಿ ಗಂಡ ಹೆಂಡತಿ ಸಮುದ್ರದಾಚೆಯ ಕಿಹೀಂ ಎಂಬ ಹಳ್ಳಿಗೆ ಹೋದರು. ಪ್ಲೇಸ್‌ಮೆಂಟ್ ಎಂಬ ಮಾತು ಕೇಳಿದರೇ ಎದೆ ಹೊಡೆದುಕೊಳ್ಳುವ ನಮ್ಮಂಥವರಿಗೆ ಆ ದಿನಗಳು ಹೇಗಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಮಳೆಗಾಲ ಶುರುವಾಗಿತ್ತು. ಮನೆಯ ಹತ್ತಿರದ ಮರಗಳಲ್ಲಿ ಗೀಜಗಗಳು ಗೂಡು ನೇಯುತ್ತಿದ್ದವು. ಸಲೀಂ ಅಲಿ ಮರೆ ಕಟ್ಟಿಕೊಂಡು ದಿನಾ ಗಂಟೆಗಟ್ಟಲೆ ಅವನ್ನು ನೋಡುತ್ತ ಕುಳಿತರು.

ಗೀಜಗನ ಗೂಡನ್ನು ನೋಡದವರು ಯಾರು? ನಮ್ಮ ಬನವಾಸಿ ಕಡೆಯ ಗದ್ದೆಬಯಲಿನಲ್ಲೂ ಅವು ತೂಗುತ್ತವೆ. ಆದರೆ ಅದರ ಸಂಸಾರದ ಗುಟ್ಟು ಸರಿಯಾಗಿ ತಿಳಿದಿರಲಿಲ್ಲ. ಸಲೀಂ ಅಲಿ ಕಂಡದ್ದು ಇಷ್ಟು: ಗಂಡು ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ. ಹೆಣ್ಣುಗಳು ಬಂದು ಒಳಹೊಕ್ಕು ಪರೀಕ್ಷಿಸುತ್ತವೆ. ಹೆಣ್ಣಿಗೆ ಒಪ್ಪಿಗೆಯಾದರೆ ಮಾತ್ರ ಗಂಡು ಉಳಿದದ್ದನ್ನು ಪೂರ್ತಿ ಮಾಡುತ್ತದೆ. ಆ ಹೆಣ್ಣು ಮೊಟ್ಟೆ ಇಟ್ಟು ಕಾವು ಕೂತ ಮೇಲೆ ಗಂಡು ಪಕ್ಕದಲ್ಲಿ ಇನ್ನೊಂದು ಗೂಡು ಶುರುಮಾಡಿ ಮತ್ತೊಂದು ಹೆಣ್ಣಿಗೆ ಕಾಯುತ್ತದೆ. ಯಾರಿಗೂ ಇಷ್ಟವಾಗದ ಅರ್ಧ ಗೂಡುಗಳು ಹಾಗೇ ಉಳಿಯುತ್ತವೆ. 1931ರಲ್ಲಿ ಪ್ರಕಟವಾದ ಈ ಬರಹ ಅವರಿಗೆ ಪಕ್ಷಿ ವಿಜ್ಞಾನದ ಲೋಕದಲ್ಲಿ ಹೆಸರು ತಂದಿತು. ಅದಕ್ಕೆ ಬೇಕಾಗಿದ್ದು ಒಂದು ಮರ, ಒಂದು ಮಳೆಗಾಲ, ಮತ್ತು ಎದ್ದುಹೋಗದ ಒಬ್ಬ ಮನುಷ್ಯ.

ಆಮೇಲೆ ಅವರು ಸಂಸ್ಥಾನಗಳಿಗೆ ಒಂದು ಪ್ರಸ್ತಾಪ ಇಟ್ಟರು: ತಿರುಗಾಟದ ಖರ್ಚು ಕೊಟ್ಟರೆ ಸಾಕು, ಸಂಬಳ ಬೇಡ, ನಿಮ್ಮ ಸೀಮೆಯ ಹಕ್ಕಿಗಳ ಸಮೀಕ್ಷೆ ಮಾಡಿಕೊಡುತ್ತೇನೆ. ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಹೀಗೆ ಒಂದೊಂದೇ ಸಮೀಕ್ಷೆ ನಡೆಯಿತು. ತೆಹ್ಮೀನಾ ಕಾಡಿನ ಬಿಡಾರಗಳಲ್ಲಿ ಜೊತೆಗಿದ್ದರು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ತಂಗಲು ಅಕ್ಕ ಭಾವನ ಮನೆಯಿತ್ತು, ದುಃಖಕ್ಕೆ ಮಾತ್ರ ಕೆಲಸವೇ ಮದ್ದಾಯಿತು. ಅದೇ ವರ್ಷದ ಕೊನೆಗೆ ಮೈಸೂರು ಸಂಸ್ಥಾನದ ಸಮೀಕ್ಷೆಗೆ ಹೊರಟರು. ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗುಂಪುಗುಂಪಾಗಿ ಗೂಡು ಕಟ್ಟುವುದನ್ನು ನೋಡಿ ಮೈಸೂರು ಅರಸರಿಗೆ ಹೇಳಿದ್ದರಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ನಾವು ಶಾಲಾ ಪ್ರವಾಸದಲ್ಲಿ ದೋಣಿ ಹತ್ತಿ ನೋಡಿದ್ದು ಅದನ್ನೇ.

ಸಿದ್ದಾಪುರದ ಆಚೆಯ ಸಾಗರ ಮೈಸೂರು ಸೀಮೆ. ಈಚೆಗಿನ ನಮ್ಮ ಮೂರು ತಾಲ್ಲೂಕುಗಳು ಮುಂಬೈಗೆ ಸೇರಿದ್ದರಿಂದ ಆ ಸಮೀಕ್ಷೆಯ ಗಡಿ ನಮ್ಮ ಹೊಸ್ತಿಲಲ್ಲೇ ನಿಂತಿತು. ಹಕ್ಕಿಗಳಿಗೇನು ಗಡಿ ಗೊತ್ತೇ!

1941ರಲ್ಲಿ ಅವರ 'ದ ಬುಕ್ ಆಫ್ ಇಂಡಿಯನ್ ಬರ್ಡ್ಸ್' ಬಂತು. ಬಣ್ಣದ ಚಿತ್ರ, ಸರಳ ವಿವರಣೆ. ಪದವಿಯಿಲ್ಲದವರೂ ಹಿತ್ತಲಿನ ಹಕ್ಕಿಯ ಹೆಸರು ಹಿಡಿಯುವಂತೆ ಅದನ್ನು ಬರೆದದ್ದು ಪದವಿಯಿಲ್ಲವೆಂದು ಕೆಲಸ ಸಿಗದಿದ್ದ ಮನುಷ್ಯ. ಮುಂದೆ ಡಿಲನ್ ರಿಪ್ಲಿ ಜೊತೆ ಸೇರಿ 1964ರಿಂದ 1974ರವರೆಗೆ 10 ಸಂಪುಟಗಳ ಕೈಪಿಡಿ ತಂದರು. ನಮ್ಮ ಮೆಕ್ಯಾನಿಕಲ್ ಗೆಳೆಯರಿಗಾಗಿ ಒಂದು ವಿಷಯ: ಅವರಿಗೆ ಮೋಟಾರ್ ಸೈಕಲ್ ಹುಚ್ಚು ಹಕ್ಕಿಯಷ್ಟೇ ಇತ್ತು. 1950ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಪಕ್ಷಿ ವಿಜ್ಞಾನಿಗಳ ಸಮ್ಮೇಳನ ನಡೆದಾಗ, ತಮ್ಮ ಸನ್‌ಬೀಮ್ ಬೈಕನ್ನು ಹಡಗಿನಲ್ಲಿ ಯುರೋಪಿಗೆ ಸಾಗಿಸಿ ಅದರಲ್ಲೇ ಸುತ್ತಿದರು. ಆಗ ಅವರಿಗೆ 53 ವರ್ಷ.

ಈಗ ಬೇಡ್ತಿಯ ಕಡೆಗೆ ಬರುತ್ತೇನೆ. ಪುಣೆಯಲ್ಲಿ ಸಲೀಂ ಅಲಿಯವರಿಗೆ ಅರ್ಥಶಾಸ್ತ್ರಜ್ಞ ಧನಂಜಯ ಗಾಡ್ಗೀಳ್ ಎಂಬ ಗೆಳೆಯರಿದ್ದರು. ಅವರ ಮಗ ಹೈಸ್ಕೂಲು ಹುಡುಗನಾಗಿದ್ದಾಗ ಒಂದು ಜೇನುನೊಣ ಹಿಡಿಯುವ ಹಸಿರು ಹಕ್ಕಿಯನ್ನು, ಅಂದರೆ ಪತ್ರಂಗಿಯನ್ನು ನೋಡಿದ. ಬಾಲದ ನಡುವೆ ಇರಬೇಕಿದ್ದ ಸೂಜಿಯಂಥ ಎರಡು ಗರಿಗಳು ಅದಕ್ಕಿರಲಿಲ್ಲ. ಇದೇಕೆ ಹೀಗೆ ಎಂದು ಕೇಳಿ ಸಲೀಂ ಅಲಿಯವರಿಗೆ ಕಾಗದ ಬರೆದ. ಹಳೆಯ ಗರಿ ಉದುರಿ ಹೊಸದು ಬರುವ ಕಾಲವಿದು ಎಂದು ವಿವರಿಸಿ ಅವರಿಂದ ಉತ್ತರ ಬಂತು. ಮಿಲ್ಲಾರ್ಡ್ ಒಂದು ಗುಬ್ಬಿಗೆ ಕೊಟ್ಟ ಗಮನವನ್ನು ಸಲೀಂ ಅಲಿ ಒಂದು ಪತ್ರಂಗಿಗೆ ಕೊಟ್ಟರು. ಆ ಹುಡುಗನೇ ಮುಂದೆ ಪರಿಸರ ವಿಜ್ಞಾನಿಯಾದ ಮಾಧವ ಗಾಡ್ಗೀಳ್.

ಗಾಡ್ಗೀಳರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ ಮೇಲೆ ಹೆಚ್ಚು ಓಡಾಡಿದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಇಲ್ಲಿನ ಬಿದಿರು, ದೇವರಕಾಡು, ಸೊಪ್ಪಿನ ಬೆಟ್ಟ ಎಲ್ಲವನ್ನೂ ಅವರು ಅಧ್ಯಯನ ಮಾಡಿದರು. ಯಲ್ಲಾಪುರದ ಮಾಗೋಡಿನ ಹತ್ತಿರ ಬೇಡ್ತಿಗೆ ಅಣೆಕಟ್ಟು ಕಟ್ಟುವ ವಿದ್ಯುತ್ ಯೋಜನೆ ಬಂದಾಗ ಅಡಿಕೆ ಬೆಳೆಗಾರರು ವಿರೋಧಿಸಿದರು. 1980ರ ದಶಕದ ಆರಂಭದಲ್ಲಿ ಶಿರಸಿಯ ತೋಟಗಾರ್ಸ್ ಸೊಸೈಟಿಯ ಮುಂದಾಳತ್ವದಲ್ಲಿ ರೈತರೂ ವಿಜ್ಞಾನಿಗಳೂ ಒಂದೆಡೆ ಕೂತು ಯೋಜನೆಯ ಲಾಭನಷ್ಟವನ್ನು ಲೆಕ್ಕ ಹಾಕಿದರು. ಯೋಜನೆಯನ್ನು ಪ್ರಶ್ನಿಸಿದ ವಿಜ್ಞಾನಿಗಳಲ್ಲಿ ಗಾಡ್ಗೀಳರೂ ಒಬ್ಬರು. ಕೊನೆಗೆ ಆ ಯೋಜನೆ ನಿಂತಿತು. ಅದೇ ಹೊತ್ತಿಗೆ ಕೇರಳದಲ್ಲಿ ಸೈಲೆಂಟ್ ವ್ಯಾಲಿ ಉಳಿಸಲು ಮುಪ್ಪಿನ ಸಲೀಂ ಅಲಿ ದನಿ ಎತ್ತಿದ್ದರು. ಅಲ್ಲಿಯೂ ಅಣೆಕಟ್ಟಿನ ಯೋಜನೆ ಕೈಬಿಟ್ಟು ಕಾಡನ್ನು ರಾಷ್ಟ್ರೀಯ ಉದ್ಯಾನವಾಗಿ ಮಾಡಿದರು. ಒಂದು ಗುಬ್ಬಿಯಿಂದ ಬೇಡ್ತಿ ಉಳಿಯಿತು ಎಂದರೆ ಅತಿಯಾದೀತು. ಹೋರಾಡಿದ್ದು ನಮ್ಮ ಜನ. ಆದರೆ ಅವರ ಪಕ್ಕದಲ್ಲಿ ಕೂತು ಲೆಕ್ಕ ಮಾಡಿದ ಒಬ್ಬರು, ಬಾಲ್ಯದಲ್ಲಿ ಕಂಡ ಹಕ್ಕಿಯೊಂದರ ದೆಸೆಯಿಂದ ಈ ದಾರಿಗೆ ಬಂದವರು ಎಂಬುದು ಸತ್ಯ.

ಸಲೀಂ ಅಲಿಯವರ ಅಭಿಪ್ರಾಯಗಳೆಲ್ಲ ಸರಿಯಾದವೆಂದೇನೂ ಅಲ್ಲ. ರಾಜಸ್ಥಾನದ ಭರತಪುರದ ಕೆರೆಬಯಲನ್ನು ಉಳಿಸಿದ ಕೀರ್ತಿ ಅವರದು. ಅಲ್ಲಿ ಎಮ್ಮೆಗಳನ್ನು ಮೇಯಿಸುವುದನ್ನು ನಿಲ್ಲಿಸಬೇಕೆಂಬ ಸಲಹೆಯೂ ಅವರದೇ. 1982ರಲ್ಲಿ ನಿಷೇಧ ಬಂದಾಗ ಗಲಾಟೆಯಾಗಿ, ಪೊಲೀಸರ ಗುಂಡಿಗೆ ಹಳ್ಳಿಗರು ಬಲಿಯಾದರು. ಆಮೇಲೆ ಅವರದೇ ಸೊಸೈಟಿ ವರ್ಷಗಟ್ಟಲೆ ಲೆಕ್ಕ ಇಟ್ಟು ನೋಡಿದಾಗ, ಎಮ್ಮೆಗಳು ಮೇಯದಿದ್ದರೆ ಹುಲ್ಲು ಬೆಳೆದು ನೀರು ಮುಚ್ಚಿ ಹಕ್ಕಿಗಳಿಗೇ ತೊಂದರೆ ಎಂದು ತಿಳಿಯಿತು. ಬೆಟ್ಟದ ಸೊಪ್ಪು ತಂದು, ದನ ಬಿಟ್ಟು ಬದುಕುವ ನಮ್ಮಂಥ ಊರಿನವರಿಗೆ ಈ ಪಾಠ ಬೇಗ ಅರ್ಥವಾಗುತ್ತದೆ. ಎಷ್ಟೇ ದೊಡ್ಡವರ ಮಾತನ್ನಾದರೂ ತಿದ್ದಬಲ್ಲದ್ದು ಸ್ಥಳದಲ್ಲಿ ನಿಂತು ಬರೆದ ಲೆಕ್ಕ ಮಾತ್ರ. ಆ ಅಭ್ಯಾಸ ಕಲಿಸಿದವರೂ ಅವರೇ.

ಪದ್ಮವಿಭೂಷಣ, ಅಂತರರಾಷ್ಟ್ರೀಯ ಪ್ರಶಸ್ತಿ, ರಾಜ್ಯಸಭೆಯ ಸದಸ್ಯತ್ವ ಎಲ್ಲ ಬಂದವು. ಪ್ರಶಸ್ತಿಯ ಹಣದ ಹೆಚ್ಚಿನ ಪಾಲು ಸೊಸೈಟಿಯ ಸಂರಕ್ಷಣೆಯ ಕೆಲಸಕ್ಕೆ ಹೋಯಿತು. 1987ರ ಜೂನ್‌ನಲ್ಲಿ, 90ನೇ ವಯಸ್ಸಿನಲ್ಲಿ, ಅವರು ಮುಂಬೈಯಲ್ಲಿ ತೀರಿಕೊಂಡರು.

ನನ್ನ ಮನೆ ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿ. ಹುಬ್ಬಳ್ಳಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದೇನೆ. ಕಳೆದ ಸೆಮಿಸ್ಟರ್ ರಜೆಯಲ್ಲಿ ಅಂಗಳ, ತೋಟ, ಬೆಟ್ಟ ಇಷ್ಟರೊಳಗೇ ಕಂಡ ಹಕ್ಕಿಗಳನ್ನು ಬರೆದಿಟ್ಟೆ. 18 ದಿನಕ್ಕೆ 43 ಬಗೆ. ನಕ್ಕಂತೆ ಕೂಗುವ ಬೂದು ಮಂಗಟ್ಟೆ, ಬೇರೆ ಹಕ್ಕಿಗಳ ದನಿಯನ್ನೆಲ್ಲ ಅಣಕಿಸುವ ಭೀಮರಾಜ, ಬಾಳೆಹೂವಿಗೆ ಜೋತುಬೀಳುವ ಸೂರಕ್ಕಿ, ಸಂಜೆ ತೋಟದಲ್ಲಿ ಗಂಭೀರವಾಗಿ ನಡೆಯುವ ಕೆಂಬೂತ. ಮಳೆಗಾಲದ ನಸುಕಿನಲ್ಲಿ ಹಳ್ಳದ ಕಡೆಯಿಂದ ಯಾರೋ ಉಂಡಾಡಿ ಹುಡುಗ ಸಿಳ್ಳೆ ಹಾಕಿದಂತೆ ಹಾಡುವ ಕಡುನೀಲಿ ಹಕ್ಕಿಯನ್ನು ಮೊದಲ ಸಲ ಕಣ್ಣಾರೆ ಕಂಡ ದಿನ ಆದ ಖುಷಿಯನ್ನು ಯಾವ ರಿಸಲ್ಟೂ ಕೊಟ್ಟಿಲ್ಲ. ನನ್ನ ಅಜ್ಜಿ ಕೂಗು ಕೇಳಿಯೇ ಹಕ್ಕಿ ಹೇಳುತ್ತಾರೆ. ಅಪ್ಪಯ್ಯನಿಗೆ ಅದರ ಅರ್ಧ ಗೊತ್ತು. ನಮ್ಮ ಕೇರಿಯಲ್ಲಿ ನನ್ನ ವಯಸ್ಸಿನವರು ಈಗ ಇಬ್ಬರೇ, ಉಳಿದವರೆಲ್ಲ ಬೆಂಗಳೂರು. ಅಜ್ಜಿಯ ತಲೆಯಲ್ಲಿರುವ ಪಟ್ಟಿ ಯಾರ ಪುಸ್ತಕದಲ್ಲೂ ಇಲ್ಲ.

ಈಗ ಮತ್ತೆ ಬೇಡ್ತಿ, ವರದಾ ನದಿ ಜೋಡಣೆಯ ಮಾತು ನಡೆದಿದೆ, ಶಿರಸಿ ಯಲ್ಲಾಪುರದಲ್ಲಿ ಸಭೆಗಳಾಗುತ್ತಿವೆ. ನಾಳೆ ಇಂಥ ಯೋಜನೆಗಳ ವರದಿ ತಯಾರಿಸುವವರು ನನ್ನಂಥ ಸಿವಿಲ್ ಇಂಜಿನಿಯರುಗಳೇ. ನೀರಿನ ಹರಿವು ಎಷ್ಟು, ಕಾಂಕ್ರೀಟು ಎಷ್ಟು ಎಂಬುದನ್ನು ನಮಗೆ ಕಲಿಸುತ್ತಾರೆ. ಆ ಕಣಿವೆಯಲ್ಲಿ ಏನೇನಿದೆ ಎಂದು ಕೇಳಿದಾಗ ತೋರಿಸಲು ಒಂದು ಪಟ್ಟಿ ಬೇಕಲ್ಲ? ಬರೆದಿಡದ ಹಕ್ಕಿ ವರದಿಯ ಮಟ್ಟಿಗೆ ಇಲ್ಲದ ಹಕ್ಕಿ.

ಅದಕ್ಕೆ ದುಬಾರಿ ಕ್ಯಾಮೆರಾ ಬೇಡ, ದೂರದ ಪಕ್ಷಿಧಾಮಕ್ಕೂ ಹೋಗಬೇಕಿಲ್ಲ. ಸೋಂದಾದ ಹತ್ತಿರ ಇರುವವರು ಮಳೆಗಾಲದಲ್ಲಿ ಮುಂಡಿಗೆಕೆರೆಯಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಗಳನ್ನು ಎಣಿಸಬಹುದು. ಉಳಿದವರಿಗೆ ಅಂಗಳವೇ ಸಾಕು. ಮಳೆ ತಗ್ಗುವ ಹೊತ್ತಿಗೆ, ಉತ್ತರದಿಂದ ಹಾರಿಬರುವ ಬೂದು ಸಿಪಿಲೆ ಬಾಲ ಕುಣಿಸುತ್ತ ಹಳ್ಳದ ಬದಿಗೆ ಇಳಿಯುತ್ತದೆ. ಈ ವರ್ಷ ನಿಮ್ಮೂರಿಗೆ ಅದು ಬಂದ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಮುಂದಿನ ವರ್ಷ ಅದರ ಪಕ್ಕದಲ್ಲಿ ಇನ್ನೊಂದು ತಾರೀಖು ಬರುತ್ತದೆ.